ನಾಲ್ಕನೆಯ ಸಾಲು, ಐದನೆಯ ಸಾಲು

ನಮ್ಮ ಮನೆಯಲ್ಲಿ ಯಾರಿಗೂ ‘ನನಗೆ ಬೇಕು’ ಎನ್ನಲು ಬರುವುದಿಲ್ಲ. ತಟ್ಟೆಯಲ್ಲಿ ಕೊನೆಯ ಬಿಸ್ಕತ್ತು ಉಳಿದರೆ ‘ನೀನು ತಗೋ’, ‘ಅಯ್ಯೋ, ನೀನೇ ತಗೋ’ ಎನ್ನುತ್ತ ಅದು ಅಡುಗೆಮನೆಗೂ ನಡುಮನೆಗೂ ನಾಲ್ಕು ಸಲ ಓಡಾಡಿ, ಮೆತ್ತಗಾಗಿ, ಕಡೆಗೆ ಇರುವೆಗಳ ಪಾಲಾಗುತ್ತದೆ. ಇರುವೆಗಳಿಗೆ ನಮ್ಮಷ್ಟು ಸಂಕೋಚವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಈ ಹಾಳು ಸಂಕೋಚದ ಪರಿಚಯವಿಲ್ಲದವರಿಗೆ ನಮ್ಮ ಚಿಕ್ಕಪ್ಪನ ಕತೆ ಅರ್ಥವಾಗುವುದಿಲ್ಲ.

ಚಿಕ್ಕಪ್ಪ, ಅಂದರೆ ಅಪ್ಪನ ಒಬ್ಬನೇ ತಮ್ಮ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ. ಸೀಸದ ಅಕ್ಷರಗಳನ್ನು ಗೂಡುಗಳಿಂದ ಒಂದೊಂದಾಗಿ ಹೆಕ್ಕಿ, ಎಡಗೈಯಲ್ಲಿ ಹಿಡಿದ ಕಬ್ಬಿಣದ ಪಟ್ಟಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಸಾಲಿಗೆ ಸಾಲು ಕಟ್ಟಿ, ದಾರ ಬಿಗಿಯುವ ಕೆಲಸ. ಅಚ್ಚುಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತದೆ. ಅದನ್ನೇ ಓದಿ ಓದಿ ಚಿಕ್ಕಪ್ಪನ ಕಣ್ಣಿಗೆ ನೇರ ಯಾವುದು, ಉಲ್ಟಾ ಯಾವುದು ಎಂಬ ಭೇದವೇ ಹೋಗಿತ್ತು. ಅಪ್ಪ ಪತ್ರಿಕೆ ಹಿಡಿದು ಕೂತರೆ ಎದುರು ಕುರ್ಚಿಯಲ್ಲಿದ್ದ ಚಿಕ್ಕಪ್ಪ ತಲೆಕೆಳಗಾದ ಪುಟವನ್ನು ಅಪ್ಪನಿಗಿಂತ ಮೊದಲು ಓದಿ ಮುಗಿಸಿ, “ತಿರುಗಿಸಣ್ಣ ಪುಟ, ಎಷ್ಟು ಹೊತ್ತು?” ಎನ್ನುತ್ತಿದ್ದ.

ಮುದ್ರಣಕ್ಕೆ ಹೋಗುವ ಮುಂಚೆ ಕೊನೆಯ ಪ್ರೂಫ್ ಹಾಳೆಯನ್ನು ಅವನ ಮುಂದೆ ಇಡುತ್ತಿದ್ದರಂತೆ. ಅವನು ಮೇಲಿನಿಂದ ಕೆಳಗೆ ಬೆರಳು ಓಡಿಸಿ, “ತಪ್ಪಿಲ್ಲಪ್ಪ” ಎಂದರೆ ಮಾತ್ರ ಯಂತ್ರ ಓಡುತ್ತಿತ್ತು. ಆ ಮಾತೇ ಅವನ ಹೆಸರಾಯಿತು. ಬೀದಿಯವರೆಲ್ಲ ಅವನನ್ನು ತಪ್ಪಿಲ್ಲಪ್ಪ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಯವನು ಹೊಸ ಬೋರ್ಡು ಬರೆಸಿದರೂ, ಎದುರು ಮನೆಯವರು ಮದುವೆಯ ಕರೆಯೋಲೆ ಅಚ್ಚು ಹಾಕಿಸಿದರೂ ಮೊದಲು ಅವನ ಕಣ್ಣಿಗೆ ಬೀಳಬೇಕು. ಚಿಕ್ಕಪ್ಪ ಹೊರಗೆ ಏನೂ ಅನ್ನುತ್ತಿರಲಿಲ್ಲ, ಒಳಗೊಳಗೇ ಉಬ್ಬುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವನು ಉಬ್ಬಿದಾಗಲೆಲ್ಲ ಬಲಗಿವಿಯನ್ನು ಎಳೆದುಕೊಳ್ಳುತ್ತಿದ್ದ.

ಅಪ್ಪ ಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ತಿರುಪುಗಳನ್ನು ಚಿಮಟದಲ್ಲಿ ಎತ್ತುವ ಕೆಲಸ. ಅವನ ಕೆಲಸಕ್ಕೆ ಬೇಕಾದದ್ದು ಒಂದೇ, ಬೆಳಕು.

ಮನೆಯಲ್ಲಿ ಬೆಳಕಿದ್ದದ್ದು ಮುಂದಿನ ಕೋಣೆಯಲ್ಲಿ ಮಾತ್ರ. ಬೀದಿಗೆ ತೆರೆಯುವ ದೊಡ್ಡ ಕಿಟಕಿ, ಕಿಟಕಿಗೆ ಒರಗಿಸಿದ ಹಾಗೆ ಒಂದು ಕಟ್ಟೆ. ಹಿಂದಿನ ಕೋಣೆಯ ಕಿಟಕಿ ತೆರೆದರೆ ಒಂದು ಮೊಳ ದೂರದಲ್ಲಿ ಪಕ್ಕದ ಗೋದಾಮಿನ ಗೋಡೆ. ಅಲ್ಲಿ ಹಾಡಹಗಲಲ್ಲೂ ಬಲ್ಬು ಉರಿಯಬೇಕು. ತಾತ ಇರುವವರೆಗೆ ಮುಂದಿನ ಕೋಣೆ ತಾತನದು. ತಾತ ಹೋದ ಮೇಲೆ ಅದು ಯಾರಿಗೆ ಎಂಬ ಪ್ರಶ್ನೆ ಎದ್ದಿತು. ನನಗೆ ಆಗ ಒಂಬತ್ತು ವರ್ಷ.

ಅಪ್ಪ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲೇ ಮೇಜು ಹಾಕಿಕೊಳ್ಳುವ ಯೋಚನೆಯಲ್ಲಿದ್ದ. ಚಿಕ್ಕಪ್ಪನಿಗೆ ಮುಂದಿನ ತಿಂಗಳು ಮದುವೆ. ಬರುವ ಚಿಕ್ಕಮ್ಮ ಬಟ್ಟೆ ಹೊಲಿಯುವವಳು, ಅವಳ ಮೆಷಿನ್ನಿಗೂ ಬೆಳಕು ಬೇಕು, ಬೀದಿಯ ಗಿರಾಕಿಗಳೂ ಬೇಕು. ಬೇರೆ ಮನೆಯಲ್ಲಾದರೆ ಎರಡು ದಿನ ಕೂಗಾಡಿ ಏನೋ ಒಂದು ತೀರ್ಮಾನವಾಗುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪ “ನೀನು ತಗೋಳೋ, ಹೊಸದಾಗಿ ಸಂಸಾರ ಹೂಡ್ತಿದ್ದೀಯ” ಎಂದ. ಚಿಕ್ಕಪ್ಪ “ಬೇಡಣ್ಣ, ನೀನೇ ತಗೋ, ನಿನ್ನದು ಕಣ್ಣಿನ ಕೆಲಸ” ಎಂದ. ಹೀಗೆ ಹದಿನೈದು ದಿನ. ಕೋಣೆಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

ಅಜ್ಜಿಗೆ ತಾಳ್ಮೆ ಕೆಟ್ಟಿತು. ಒಂದು ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ಎತ್ತಿದ ಮೇಲೆ ಇಬ್ಬರನ್ನೂ ಕೂರಿಸಿ ಹೇಳಿದಳು: “ಇಬ್ಬರಿಗೂ ಬೇಡ ಅಂದ್ರೆ ನಾಳೆನೇ ಬಾಡಿಗೆಗೆ ಕೊಡ್ತೀನಿ. ಇಲ್ಲಾ, ಅಲ್ಲಿ ಬಿದ್ದಿದೆಯಲ್ಲ ಆ ಇಸ್ಪೀಟು, ಒಂದೇ ಒಂದು ಕೈ ಆಡಿ. ಗೆದ್ದವನಿಗೆ ಕೋಣೆ. ಸೋತವನು ಬಾಯಿ ಮುಚ್ಕೊಂಡಿರಬೇಕು. ಗೆದ್ದವನೂ ಮುಚ್ಕೊಂಡಿರಬೇಕು.”

ಆ ಇಸ್ಪೀಟು ಕಟ್ಟು ಆ ವಾರವಷ್ಟೇ ಮನೆಗೆ ಬಂದಿತ್ತು. ಯಾವುದೋ ಹೊಸ ಕಂಪನಿಯವರು ಎಲೆಗಳ ಪೆಟ್ಟಿಗೆಯನ್ನೂ ಅದರೊಳಗೆ ಇಡುವ ಚೀಟಿಯನ್ನೂ ಚಿಕ್ಕಪ್ಪನ ಅಚ್ಚುಕೂಟದಲ್ಲಿ ಮಾಡಿಸಿದ್ದರು. ಪೋಕರ್ ಆಟದಲ್ಲಿ ಯಾವ ಕೈ, ಅಂದರೆ ಐದು ಎಲೆಗಳ ಯಾವ ಜೋಡಣೆ, ಯಾವುದಕ್ಕಿಂತ ದೊಡ್ಡದು ಎಂದು ಚೀಟಿಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಹತ್ತು ಸಾಲು ಇತ್ತು. ಜೋಡಿಸಿದವನು ಚಿಕ್ಕಪ್ಪನೇ. ಕೆಲಸ ಮುಗಿದ ಖುಷಿಗೆ ಕಂಪನಿಯವರು ಅವನಿಗೊಂದು ಕಟ್ಟು ಕೊಟ್ಟಿದ್ದರು. ನಾವೆಲ್ಲ ಆ ಚೀಟಿ ನೋಡಿಯೇ ಆಟ ಕಲಿತೆವು. ಅಪ್ಪ ಮಾತ್ರ ಹಿಂದೆ ಗಡಿಯಾರದ ಅಂಗಡಿಯಲ್ಲಿ ಒಂದೆರಡು ಸಲ ಆಡಿದ್ದನಂತೆ.

ಐದೈದು ಎಲೆ ಹಂಚಿದರು. ಒಂದು ಸಲ ಎಲೆ ಬದಲಾಯಿಸಬಹುದು ಎಂದು ಮಾತಾಯಿತು. ನಾನು ಅಪ್ಪನ ಬೆನ್ನ ಹಿಂದೆ ನಿಂತಿದ್ದೆ. ಅಪ್ಪ ಎರಡು ಎಲೆ ಬಿಟ್ಟು ಎರಡು ತೆಗೆದುಕೊಂಡ. ಮೂರು ಒಂಬತ್ತು, ಎರಡು ನಾಲ್ಕು. ಆ ಕ್ಷಣ ಅಪ್ಪನ ಕತ್ತು ತಂತಾನೇ ತಿರುಗಿ ಬೀಗ ಹಾಕಿದ ಮುಂದಿನ ಕೋಣೆಯ ಬಾಗಿಲನ್ನು ನೋಡಿತು. ಇದನ್ನು ಬೇರೆ ಯಾರೂ ಗಮನಿಸಲಿಲ್ಲ, ನಾನು ನೋಡಿದೆ.

ಅಪ್ಪ ಎಲೆ ಬಿಚ್ಚಿ, “ಫುಲ್ ಹೌಸ್” ಎಂದ. ಒಂದೇ ಅಂಕಿಯ ಮೂರು, ಇನ್ನೊಂದು ಅಂಕಿಯ ಎರಡು ಕೂಡಿದರೆ ಆ ಹೆಸರು. ಚಿಕ್ಕಪ್ಪ ತನ್ನದನ್ನು ಬಿಚ್ಚಿದ. ಐದಕ್ಕೆ ಐದೂ ಆಟಿನ್. ಎರಡು, ಐದು, ಎಂಟು, ಗುಲಾಮ, ರಾಣಿ. ಒಂದೇ ಗುರುತಿನ ಐದು ಎಲೆ, ಅದಕ್ಕೆ ಫ್ಲಶ್ ಎನ್ನುತ್ತಾರೆ.

“ನಂದು ದೊಡ್ಡದಲ್ವೇನೋ?” ಅಪ್ಪ ಕುರ್ಚಿಯಿಂದ ಅರ್ಧ ಎದ್ದಿದ್ದ.

“ಇರಣ್ಣ, ನೋಡೋಣ.” ಚಿಕ್ಕಪ್ಪ ಪೆಟ್ಟಿಗೆಯಿಂದ ಚೀಟಿ ತೆಗೆದ. ನಾಲ್ಕನೆಯ ಸಾಲಿನಲ್ಲಿ ಫ್ಲಶ್. ಐದನೆಯ ಸಾಲಿನಲ್ಲಿ ಫುಲ್ ಹೌಸ್. ಅಪ್ಪ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ಮತ್ತೆ ಕುಳಿತ.

“ಅಚ್ಚಾಗಿದೆ ಅಂದ್ಮೇಲೆ ಮುಗೀತಲ್ಲ. ಕೋಣೆ ನಿಂದು” ಎಂದ. ನಗುನಗುತ್ತಲೇ ಅಂದ. ನಮ್ಮ ಮನೆಯಲ್ಲಿ ಅಚ್ಚಾದ ಮಾತಿನ ಮೇಲೆ ಮಾತಿರಲಿಲ್ಲ. ಅದರಲ್ಲೂ ತಪ್ಪಿಲ್ಲಪ್ಪನ ಕೈಯಲ್ಲಿ ಅಚ್ಚಾದದ್ದು.

ಮೂವತ್ತೊಂದು ವರ್ಷ ಹಾಗೆಯೇ ಹೋಯಿತು. ಚಿಕ್ಕಮ್ಮನ ಮೆಷಿನ್ನು ಕಿಟಕಿಯ ಬಳಿ ಕಟಕಟ ಎಂದಿತು, ಅವರಿಗೊಬ್ಬಳು ಮಗಳು ಹುಟ್ಟಿ, ಬೆಳೆದು, ಆಸ್ಪತ್ರೆಯಲ್ಲಿ ನರ್ಸ್ ಆದಳು. ಅಪ್ಪ ಹಿಂದಿನ ಕೋಣೆಯಲ್ಲಿ ಬಲ್ಬಿನ ಕೆಳಗೆ ಬಗ್ಗಿ ಕುಳಿತು ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದ. ಅಜ್ಜಿ ಹೋದಳು, ಆಮೇಲೆ ನನ್ನ ಅಮ್ಮನೂ ಹೋದಳು. ನಾನು ಶಾಲೆಯಲ್ಲಿ ಲೆಕ್ಕ ಕಲಿಸುತ್ತ ಅಪ್ಪನ ಜೊತೆಗೇ ಉಳಿದೆ. ಕಂಪ್ಯೂಟರ್ ಬಂದು ಸೀಸದ ಮೊಳೆಗಳು ಗುಜರಿಗೆ ಹೋದ ಮೇಲೆ ಚಿಕ್ಕಪ್ಪ ಅದೇ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿಕೊಂಡಿದ್ದು ನಿವೃತ್ತನಾದ. ಅಪ್ಪನ ಕಣ್ಣು ಮಸುಕಾಗುತ್ತ ಬಂತು. ಇದು ವಂಶದಲ್ಲಿ ಬರುವ ಕಾಯಿಲೆ, ಕಣ್ಣಿನ ನರ ಸೊರಗುತ್ತದೆ, ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಕೈಗಡಿಯಾರದ ಕೆಲಸ ನಿಂತಿತು. ಗೋಡೆ ಗಡಿಯಾರ, ಅಲಾರಾಂ ಗಡಿಯಾರಗಳನ್ನು ಮಾತ್ರ ಕೈಯಲ್ಲಿ ತಡವಿ, ಕಿವಿಗಿಟ್ಟು ಸರಿ ಮಾಡುತ್ತಿದ್ದ.

ಹೋದ ವರ್ಷ ಒಂದು ದಿನ ಊಟಕ್ಕೆ ಕುಳಿತಾಗ ತಂಗಿ, ಅದೇ ಚಿಕ್ಕಪ್ಪನ ಮಗಳು, ನಗುತ್ತ ಶುರುಮಾಡಿದಳು: “ಅಪ್ಪ, ಇವತ್ತು ನನ್ನ ಮಾನ ಹೋಯ್ತು. ಆಸ್ಪತ್ರೇಲಿ ಊಟದ ಬಿಡುವಿನಲ್ಲಿ ಪೋಕರ್ ಆಡ್ತಿದ್ವಿ. ನಾನು ಫ್ಲಶ್ ಇಟ್ಟು ಗೆದ್ದೆ ಅಂತ ಎಲೆ ಬಾಚ್ಕೊಂಡ್ರೆ ಎಲ್ಲರೂ ಬಿದ್ದು ಬಿದ್ದು ನಗ್ತಾರೆ. ಫುಲ್ ಹೌಸ್ ದೊಡ್ಡದಂತೆ! ಮೊಬೈಲಲ್ಲಿ ತೋರಿಸಿದ್ರು. ನಮ್ಮನೇಲಿ ಉಲ್ಟಾ ಆಡ್ತೀವಲ್ಲ, ಯಾಕೆ?”

ಚಿಕ್ಕಪ್ಪನ ಕೈ ತಟ್ಟೆಯ ಮೇಲೇ ನಿಂತಿತು. ನನ್ನ ಅಪ್ಪ ಅಂದು ಬೇಗ ಊಟ ಮುಗಿಸಿ ಮಲಗಿದ್ದ, ಅಷ್ಟರ ಮಟ್ಟಿಗೆ ಪುಣ್ಯ. ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಆ ಭಾನುವಾರ ಮಧ್ಯಾಹ್ನ ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

“ಮೊಬೈಲಲ್ಲಿ ಇರೋದನ್ನೂ ಯಾರೋ ಜೋಡಿಸಿದ್ದೇ ತಾನೇ? ಅವರ ಕೈಯೂ ತಪ್ಪಿರಬಹುದು” ಎಂದು ಹೇಳಿ ಕೈ ತೊಳೆಯಲು ಎದ್ದ.

ಮಾರನೆಯ ದಿನ ನಾನು ಹಾಳೆಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಐವತ್ತೆರಡು ಎಲೆಗಳಲ್ಲಿ ಐದು ಎಲೆಯ ಕೈ ಒಟ್ಟು ಇಪ್ಪತ್ತೈದು ಲಕ್ಷ ತೊಂಬತ್ತೆಂಟು ಸಾವಿರ ಚಿಲ್ಲರೆ ಬಗೆಯಲ್ಲಿ ಬರುತ್ತದೆ. ಅದರಲ್ಲಿ ಫ್ಲಶ್ ಐದು ಸಾವಿರದ ನೂರ ಎಂಟು. ಫುಲ್ ಹೌಸ್ ಮೂರು ಸಾವಿರದ ಏಳುನೂರ ನಲವತ್ತನಾಲ್ಕು. ಯಾವುದು ಬರುವುದು ಕಮ್ಮಿಯೋ ಅದು ದೊಡ್ಡ ಕೈ, ಇಷ್ಟೇ ಇಡೀ ಪಟ್ಟಿಯ ನಿಯಮ. ಯಾರೋ ರಾಜರು ಕೂತು ಅಪ್ಪಣೆ ಕೊಡಿಸಿದ್ದಲ್ಲ.

ಚಿಕ್ಕಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ಸು ಕೊಟ್ಟ. “ನೀನು ಬರೆದದ್ದೂ ಬರೆದದ್ದೇ ಅಲ್ವೇನಮ್ಮ? ಬರೆದದ್ದನ್ನು ನಂಬಿಯೇ ಇಲ್ಲಿಗೆ ಬಂದಿರೋದು. ನಾನು ಕೈಯಲ್ಲಿ ನೋಡಬೇಕು.”

“ಹಾಗಾದ್ರೆ ನಿನ್ನ ತಗಡಿನ ಪೆಟ್ಟಿಗೆ ತೆಗೆದು ನೋಡು” ಎಂದೆ, ನನಗೆ ಸಿಟ್ಟು ಬಂದಿತ್ತು. ಚಿಕ್ಕಪ್ಪನಿಗೊಂದು ಅಭ್ಯಾಸವಿತ್ತು. ತಾನು ಜೋಡಿಸಿದ ಪ್ರತಿ ಕೆಲಸದ ಮೊದಲ ಪ್ರೂಫನ್ನೂ ಕೊನೆಯ ಅಚ್ಚನ್ನೂ ದಪ್ಪ ರಟ್ಟಿನ ಪುಸ್ತಕಗಳಲ್ಲಿ ಎದುರುಬದುರಾಗಿ ಅಂಟಿಸಿಟ್ಟಿದ್ದ. ಕಂಪನಿಯವರು ಬರೆದುಕೊಟ್ಟಿದ್ದೇ ತಪ್ಪೋ, ಇವನ ಕೈ ತಪ್ಪಿತೋ, ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಪುಸ್ತಕಗಳೆಲ್ಲ ಅವನ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲೇ ಇದ್ದವು.

“ಬೀಗದ ಕೈ ಎಲ್ಲಿಟ್ಟಿದ್ದೀನೋ” ಎಂದ. ಅದು ಅವನ ಜನಿವಾರದಷ್ಟೇ ನಿತ್ಯವಾಗಿ ಸೊಂಟದ ದಾರದಲ್ಲಿ ನೇತಾಡುತ್ತಿತ್ತು ಎನ್ನೋಣವೆಂದರೆ ಜನಿವಾರ ಅವನಿಗಿರಲಿಲ್ಲ, ಬೀಗದ ಕೈ ಮಾತ್ರ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅವನು ಅಂಗಿಯ ತುದಿಯನ್ನು ಕೆಳಗೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಏಳಕ್ಕೆ ಮುಂದಿನ ಕೋಣೆಯ ಕಟ್ಟೆಯ ಮೇಲೆ ಕುಳಿತು ಎಲೆ ಹಂಚಲು ಶುರುಮಾಡಿದ. ಒಂದು ಕಟ್ಟು ಕಲೆಸಿ ಹಂಚಿದರೆ ಐದೈದರ ಹತ್ತು ಕೈ, ಎರಡು ಎಲೆ ಮಿಗುತ್ತದೆ. ಹೀಗೆ ಐದು ಸಲ, ದಿನಕ್ಕೆ ಐವತ್ತು ಕೈ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ಫ್ಲಶ್ ಬಂದರೆ ಒಂದು ಕಡೆ ಗೀಟು, ಫುಲ್ ಹೌಸ್ ಬಂದರೆ ಇನ್ನೊಂದು ಕಡೆ. ಬೀದಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ, ಮುದುಕನಿಗೆ ಜೂಜಿನ ಹುಚ್ಚು ಹಿಡಿಯಿತು, ಅದೂ ಒಬ್ಬನೇ ಆಡುತ್ತಾನೆ, ಎಂದು ಮಾತಾಡಿಕೊಂಡರು. ಚಿಕ್ಕಮ್ಮ ಮೆಷಿನ್ನು ತುಳಿಯುತ್ತಲೇ, “ಒಬ್ಬರೇ ಆಡಿದ್ರೆ ಸೋಲೋ ಭಯ ಇಲ್ಲ ನೋಡಿ” ಎಂದು ಅವರಿಗೆ ಉತ್ತರ ಕೊಟ್ಟಳು.

ಮೊದಲ ಎರಡು ತಿಂಗಳು ಚಿಕ್ಕಪ್ಪನ ಮುಖ ಅರಳಿತ್ತು. ಫುಲ್ ಹೌಸ್ ಆರು ಸಲ ಬಂದಿದ್ದರೆ ಫ್ಲಶ್ ನಾಲ್ಕೇ ಸಲ. ಅಂದರೆ ಫ್ಲಶ್ಶೇ ಅಪರೂಪ, ಚೀಟಿಯೇ ಸರಿ. ಕಿವಿ ಎಳೆದುಕೊಳ್ಳುತ್ತ ನನ್ನ ಕಡೆ ನೋಟ್‌ಬುಕ್ಕು ತಳ್ಳಿದ. “ಇಷ್ಟು ಸಾಲದು, ಇನ್ನೂ ಹಂಚು” ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಅವನ ಮೇಲೆ ಕೋಪವಿತ್ತು. ಅಪ್ಪ ಬಲ್ಬಿನ ಕೆಳಗೆ ಬಗ್ಗಿದ್ದ ಬೆನ್ನು ನನ್ನ ಕಣ್ಣ ಮುಂದೆಯೇ ಬಾಗಿದ್ದು. ಕಾಯಿಲೆ ವಂಶದ್ದೇ ಇರಬಹುದು, ಬೆನ್ನು ಬಾಗಿದ್ದು ಮಾತ್ರ ಆ ಕೋಣೆಯದ್ದೇ.

ಆಮೇಲೆ ಗೀಟುಗಳು ತಿರುಗಿಬಿದ್ದವು. ಮಳೆ ಹಿಡಿಯುವ ಹೊತ್ತಿಗೆ ಎರಡೂ ಸಮನಾದವು, ಚಳಿ ಬರುವಷ್ಟರಲ್ಲಿ ಫ್ಲಶ್ ಮುಂದೆ ಹೋಗಿತ್ತು. ಅಪರೂಪದ ಕೈ ಎಂದುಕೊಂಡದ್ದು ಪದೇ ಪದೇ ಬರತೊಡಗಿತು. ಚಿಕ್ಕಪ್ಪ ಹಂಚುವುದನ್ನು ಬಿಡಲಿಲ್ಲ. ಅವನ ಮಾತು ಕಡಿಮೆಯಾಯಿತು. ಶಾಲೆಗೆ ರಜೆಯಿದ್ದ ದಿನ ನಾನೂ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ಇಂಥ ಒಂದು ಬೆಳಿಗ್ಗೆ ಅವನು ಹೇಳಿದ:

“ಇದು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಗೊತ್ತಾ? ಫ್ಲಶ್ ನೋಡೋಕೆ ಚೆಂದ. ಐದೂ ಒಂದೇ ಗುರುತು, ಸಮವಸ್ತ್ರ ಹಾಕಿ ನಿಂತ ಮಕ್ಕಳ ಹಾಗೆ. ಫುಲ್ ಹೌಸ್ ನೋಡು, ಮೂರು ಒಂದು ಕಡೆ, ಎರಡು ಒಂದು ಕಡೆ, ಗುರುತೆಲ್ಲ ಚಿಲ್ಲಾಪಿಲ್ಲಿ. ನೋಡಿದವರು ಯಾರಾದ್ರೂ ಇದು ದೊಡ್ಡದು ಅಂತಾರಾ? ಆಟ ಬಲ್ಲವರು ಚೀಟಿ ಓದಲ್ಲ. ಚೀಟಿ ಓದೋರಿಗೆ ಆಟ ಗೊತ್ತಿಲ್ಲ. ಹತ್ತು ಸಾವಿರ ಚೀಟಿ ಹೋಗಿದೆ ಕಣಮ್ಮ. ಎಷ್ಟು ಮನೇಲಿ ಯಾರು ಯಾರು ಏನು ಕಳ್ಕೊಂಡ್ರೋ.”

“ಹತ್ತು ಸಾವಿರ ಮನೆ ಚಿಂತೆ ಬಿಡು ಚಿಕ್ಕಪ್ಪ. ಒಂದು ಮನೇದು ಹೇಳು” ಎಂದೆ. ಅವನು ಎಲೆ ಕಲೆಸಿದ.

ಇನ್ನೊಂದು ದಿನ ತಾನಾಗಿಯೇ, “ಈ ಐವತ್ತರಲ್ಲಿ ಹೆಚ್ಚು ಕಮ್ಮಿ ಇಪ್ಪತ್ತೈದು ಏನೂ ಇಲ್ಲದ ಕೈ. ಇಪ್ಪತ್ತೊಂದು ಬರೀ ಒಂದು ಜೋಡಿ. ಉಳಿದಿದ್ದೆಲ್ಲ ಮಿಕ್ಕ ನಾಲ್ಕರಲ್ಲಿ. ಮೇಲಿನ ಎರಡು ಸಾಲು ಇನ್ನೂ ಒಂದು ಸಲಾನೂ ಬಂದಿಲ್ಲ” ಎಂದ. ಮೆಷಿನ್ನಿನ ಮುಂದಿದ್ದ ಚಿಕ್ಕಮ್ಮ, “ನಮ್ಮದು ಯಾವುದು?” ಎಂದಳು. “ಒಂದು ಜೋಡಿ” ಎಂದ ಚಿಕ್ಕಪ್ಪ. “ಸಾಕು ಬಿಡಿ, ಏನೂ ಇಲ್ಲದ್ದಕ್ಕಿಂತ ಮೇಲಲ್ವಾ” ಎಂದು ಅವಳು ದಾರ ಕಚ್ಚಿ ತುಂಡು ಮಾಡಿದಳು. ಚಿಕ್ಕಪ್ಪ ನಕ್ಕ, ತಿಂಗಳಾದ ಮೇಲೆ ಮೊದಲ ಸಲ.

ಹಂಚಿದ ದಿನಗಳು ಮುನ್ನೂರ ಇಪ್ಪತ್ತೆಂಟಾದಾಗ ನಿಲ್ಲಿಸಿದ. ಹದಿನಾರು ಸಾವಿರದ ನಾನೂರು ಕೈ. ಫ್ಲಶ್ ಮೂವತ್ತಮೂರು, ಫುಲ್ ಹೌಸ್ ಇಪ್ಪತ್ತೆರಡು. ಎಲೆಗಳ ಮೂಲೆಗಳು ಅಷ್ಟರಲ್ಲಿ ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಎಲೆಗಳನ್ನು ಅವುಗಳ ಪುಟ್ಟ ಪೆಟ್ಟಿಗೆಗೆ ತುಂಬಿ, ತಗಡಿನ ಪೆಟ್ಟಿಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ನನ್ನ ಕೈಗೆ ಕೊಟ್ಟ. “ನೀನೇ ತೆಗಿ” ಎಂದ. ವರ್ಷವಿಡೀ ಅವನ ಮೇಲೆ ಹಲ್ಲು ಕಡಿದವಳು ನಾನು, ಆಗ ಮಾತ್ರ ಮೊದಲು ಅವನನ್ನು ಮಂಚದ ಮೇಲೆ ಕೂರಿಸಿದೆ.

ಪುಸ್ತಕ ಸಿಕ್ಕಿತು, ಪುಟ ಸಿಕ್ಕಿತು. ಎಡಗಡೆ ಮೊದಲ ಪ್ರೂಫು. ನಾಲ್ಕನೆಯ ಸಾಲು ಫುಲ್ ಹೌಸ್, ಐದನೆಯದು ಫ್ಲಶ್. ಸರಿಯಾಗಿಯೇ ಇತ್ತು. ಎರಡೂ ಸಾಲಿನಲ್ಲಿ ಒಂದೊಂದು ಅಕ್ಷರದ ಮೇಲೆ ಪೆನ್ಸಿಲ್ ಗುರುತು. ಬಲಗಡೆ ಕೊನೆಯ ಅಚ್ಚು. ಅಕ್ಷರ ತಿದ್ದಿತ್ತು, ಸಾಲು ಅದಲುಬದಲಾಗಿತ್ತು.

ಚಿಕ್ಕಪ್ಪ ಬಹಳ ಹೊತ್ತು ನೋಡಿದ. “ಎರಡು ಸಾಲೂ ಎತ್ತಿ ಮೇಜಿನ ಮೇಲಿಟ್ಟು ಅಕ್ಷರ ಬದಲಾಯಿಸಿದೀನಿ” ಎಂದ. “ವಾಪಸ್ಸು ಇಡುವಾಗ ಮೊದಲನೇದನ್ನ ಕೆಳಗಿಟ್ಟೆ. ಒಂದು, ಎರಡು ಅನ್ನೋ ಅಂಕಿಗಳು ದಪ್ಪ ಮೊಳೆ, ಅವನ್ನು ಬೇರೆ ಕಟ್ಟಿದ್ದೆ. ಅವು ಇದ್ದಲ್ಲೇ ಇದ್ವು. ಅದಕ್ಕೇ ಗೊತ್ತಾಗಲಿಲ್ಲ. ಅಂಕಿ ನೋಡಿದೆ, ಅಕ್ಷರ ನೋಡಿದೆ, ತಪ್ಪಿಲ್ಲಪ್ಪ ಅಂದೆ.” ಮೇಜಿನಿಂದ ಕೆಂಪು ಪೆನ್ನು ತೆಗೆದು, ಸಾಲು ಅದಲುಬದಲಾದಾಗ ಪ್ರೂಫ್ ತಿದ್ದುವವರು ಹಾಕುವ ಸುತ್ತುಗೆರೆಯನ್ನು ಆ ಎರಡು ಸಾಲಿಗೆ ಹಾಕಿ, ಅಂಚಿನಲ್ಲಿ ಅಂದಿನ ತಾರೀಖು ಬರೆದ.

ಅಂದು ಸಂಜೆ ಚಹದ ಹೊತ್ತಿಗೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಕೋಣೆಗೆ ಬಂದ. ಚಿಕ್ಕಮ್ಮ ಚಹದ ಲೋಟಗಳನ್ನೂ ಬಿಸ್ಕತ್ತಿನ ತಟ್ಟೆಯನ್ನೂ ತಂದಳು. ನಾನು ಬಾಗಿಲಿಗೆ ಒರಗಿ ನಿಂತೆ. ಅಪ್ಪ ಒಂದು ಅಲಾರಾಂ ಗಡಿಯಾರದ ಬೆನ್ನು ಬಿಚ್ಚಿ ಕುಳಿತಿದ್ದ. ಬಲ್ಬು ಉರಿಯುತ್ತಿತ್ತು, ಅಪ್ಪನಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ, ರೂಢಿ.

“ಅಣ್ಣ, ಆ ಕೋಣೆಗೋಸ್ಕರ ಇಸ್ಪೀಟು ಆಡಿದ್ವಲ್ಲ.”

“ಹೂಂ.”

“ಚೀಟಿ ತಪ್ಪಾಗಿತ್ತು. ಫುಲ್ ಹೌಸೇ ದೊಡ್ಡದು. ನಾನು ಜೋಡಿಸುವಾಗ ಸಾಲು ಅದಲುಬದಲು ಮಾಡಿದ್ದೆ. ಬೇಕೂಂತ ಅಲ್ಲ ಅಣ್ಣ, ಆಣೆ ಮಾಡ್ತೀನಿ. ಆದರೆ ತಪ್ಪು ನಂದೇ. ಒಂದು ವರ್ಷ ಹಂಚಿ ಹಂಚಿ ನೋಡಿದೆ. ನಿನ್ನ ಹತ್ತಿರ ಬಂದು ಹೇಳೋಕೆ ಧೈರ್ಯ ಸಾಲದೆ ಹಂಚ್ತಾನೇ ಇದ್ದೆ.”

ಅಪ್ಪ ಕೈಯಲ್ಲಿದ್ದ ತಿರುಪನ್ನು ಡಬ್ಬಿಯೊಳಗೆ ಬಿಟ್ಟ. ಅದು ಟಿಣ್ ಎಂದದ್ದು ಎಲ್ಲರಿಗೂ ಕೇಳಿಸಿತು.

“ಅಂದ್ರೆ ಅವತ್ತು ನಾನು ಗೆದ್ದಿದ್ನಾ?”

“ಗೆದ್ದಿದ್ದೆ ಅಣ್ಣ.”

“ಮೂರು ಒಂಬತ್ತು, ಎರಡು ನಾಲ್ಕು” ಎಂದ ಅಪ್ಪ. ಮೂವತ್ತೆರಡು ವರ್ಷದ ಹಿಂದಿನ ಎಲೆಗಳು ಅವನಿಗೆ ನೆನಪಿದ್ದವು. ಚಿಕ್ಕಪ್ಪ, “ನಿನ್ನ ಕಣ್ಣು...” ಎಂದು ಏನೋ ಹೇಳಹೋದ. ಅಪ್ಪ ಕೈಯೆತ್ತಿ ತಡೆದ.

“ಕಣ್ಣಿನ ವಿಷಯ ಬೇಡ. ಅದು ನಮ್ಮ ತಾತನ ಆಸ್ತಿ, ನನಗೆ ಬಂತು. ನಿನ್ನದು ಅದರಲ್ಲಿ ಏನೂ ಇಲ್ಲ.” ಬಿಚ್ಚಿದ ಗಡಿಯಾರವನ್ನು ಪಕ್ಕಕ್ಕೆ ಸರಿಸಿದ. “ನನಗೆ ಆ ಕಿಟಕಿ ಬೇಕಿತ್ತು ಕಣೋ. ತುಂಬಾ ಬೇಕಿತ್ತು. ನಿನಗೆ ಬಿಟ್ಟುಕೊಟ್ಟೆ, ನಿನಗೆ ಬಿಟ್ಟುಕೊಟ್ಟೆ ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ದೆ. ಇಲ್ಲಿ ಕೂತು ದಿನಾ ಆ ಗೋದಾಮಿನ ಗೋಡೆ ನೋಡ್ತಿದ್ದೆ. ನಿನ್ನ ಹೆಂಡತಿ ಮೆಷಿನ್ ಸದ್ದು ಕೇಳಿದಾಗೆಲ್ಲ ಹೊಟ್ಟೆ ಉರೀತಿತ್ತು. ಅವಳದೇನು ತಪ್ಪು, ಪಾಪ. ಆದರೂ ಉರೀತಿತ್ತು.”

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಅಳುತ್ತಿದ್ದ, ಮುಚ್ಚಿಕೊಳ್ಳಲಿಲ್ಲ. ಅಪ್ಪನ ಬಾಯಲ್ಲಿ ‘ಬೇಕಿತ್ತು’ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೊದಲೇ ಯಾರಾದರೂ ಇದನ್ನು ಅಂದಿದ್ದರೆ ಇಸ್ಪೀಟಿನ ಅಗತ್ಯವೇ ಇರಲಿಲ್ಲವಲ್ಲ ಎಂದು ಸಂಕಟವಾಯಿತು.

“ಈಗ ತಗೋ ಅಣ್ಣ” ಎಂದ ಚಿಕ್ಕಪ್ಪ. “ಕೋಣೆ ನಿಂದು.”

ನಾವೆಲ್ಲ ಕಾದೆವು. ಇನ್ನೇನು, ಅಪ್ಪ ‘ಇರಲಿ ಬಿಡೋ, ಈ ವಯಸ್ಸಲ್ಲಿ ನನಗ್ಯಾಕೆ, ನೀನೇ ಇಟ್ಕೋ’ ಎನ್ನುತ್ತಾನೆ. ಇವನು ‘ಇಲ್ಲ, ನೀನೇ’ ಎನ್ನುತ್ತಾನೆ. ಮತ್ತೆ ಹದಿನೈದು ದಿನ ಇದೇ ರಾಮಾಯಣ. ಬೇಕಾದರೆ ಮತ್ತೊಂದು ಕೈ. ನಾನು ಬಾಯಿ ಹಾಕಲು ಸಿದ್ಧವಾಗಿಯೇ ನಿಂತಿದ್ದೆ.

ಅಪ್ಪ ಮೇಜಿನ ಮೇಲೆ ಕೈಯಾಡಿಸಿ ತಟ್ಟೆ ಹುಡುಕಿದ. ಅದರಲ್ಲಿ ಒಂದೇ ಬಿಸ್ಕತ್ತು ಉಳಿದಿತ್ತು. ಅದನ್ನೆತ್ತಿ, ಯಾರನ್ನೂ ಕೇಳದೆ, ಅರ್ಧ ಕಚ್ಚಿ ತಿಂದ.

“ಸರಿ, ತಗೋತೀನಿ” ಎಂದ.

“ಕಿಟಕಿ ಕೊಡ್ತೀನಿ ಭಾವ, ಪರದೆ ಕೊಡಲ್ಲ. ಅದು ನಾನು ಹೊಲಿದಿದ್ದು” ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತ.

“ಪರದೆ ಯಾರಿಗೆ ಬೇಕಮ್ಮ? ತೆಗೆದುಬಿಡು.” ಅಪ್ಪ ತಮ್ಮನಿದ್ದ ಕಡೆ ಮುಖ ತಿರುಗಿಸಿದ. “ಅಲ್ಲಿ ಬಿಸಿಲು ಎಷ್ಟು ಹೊತ್ತಿಗೆ ಬರುತ್ತೋ?”

ಮುನ್ನೂರ ಇಪ್ಪತ್ತೆಂಟು ಬೆಳಿಗ್ಗೆ ಅಲ್ಲಿ ಕುಳಿತಿದ್ದ ಚಿಕ್ಕಪ್ಪನಿಗೆ ಯೋಚಿಸಬೇಕಾಗಲಿಲ್ಲ. “ಏಳೂಕಾಲಿಗೆ ಕಟ್ಟೆ ಮೇಲೆ ಬೀಳುತ್ತೆ ಅಣ್ಣ. ಏಳೂವರೆಗೆ ಕೈ ಮೇಲೆ ಬರುತ್ತೆ.”

“ಹಾಗಾದ್ರೆ ಏಳಕ್ಕೇ ನನ್ನ ಮೇಜು ಅಲ್ಲಿರಲಿ” ಎಂದ ಅಪ್ಪ, ಮತ್ತು ಉಳಿದ ಅರ್ಧ ಬಿಸ್ಕತ್ತನ್ನೂ ತಾನೇ ತಿಂದ.